ಬಡಿದ ರೊಟ್ಟಿ

ಹಂಸಭಾವಿಯಲ್ಲಿ ಭರಮವ್ವನ ಬಾಯಿ ಎಂದರೆ ಓಣಿಗೆ ಓಣಿಯೇ ಹೆದರುತ್ತಿತ್ತು. ಅಂಥವಳು ಮೇವು ಕತ್ತರಿಸುವ ಯಂತ್ರಕ್ಕೆ ಎಡ ಮುಂಗೈ ಕೊಟ್ಟ ಮೇಲೆ ಮೆತ್ತಗಾಗಿಬಿಟ್ಟಳು. ಗಾಯವೇನೋ ಮಾಯಿತು. ರೊಟ್ಟಿ ಬಡಿಯುವುದು ನಿಂತಿತಲ್ಲ, ಆ ಸಂಕಟ ಮಾಯಲಿಲ್ಲ. ಜೋಳದ ರೊಟ್ಟಿ ಎಂದರೇನು ಹುಡುಗಾಟವೇ! ಬಲಗೈ ಬಡಿಯುತ್ತಿರಬೇಕು, ಎಡಗೈ ಅದನ್ನು ತಿರುಗಿಸುತ್ತ ಅಂಚು ಕಾಯಬೇಕು. ಒಂದೇ ಕೈಯ ಕೆಲಸವಲ್ಲ ಅದು.

ದಿನದ ಊಟಕ್ಕೆ ಸೊಸೆ ಅಡಿವೆವ್ವ ಬಡಿಯುತ್ತಿದ್ದಳು, ಅದಕ್ಕೇನೂ ಕೊರತೆಯಿಲ್ಲ. ಆದರೆ ನಾಗರಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಬರುತ್ತದೆ. ಅಂದು ಒಬ್ಬರ ಮನೆಯ ರೊಟ್ಟಿ ಇನ್ನೊಬ್ಬರ ಮನೆಗೆ ಹೋಗಬೇಕು, ಅವರದು ಇವರಿಗೆ ಬರಬೇಕು. ಕೈ ಹೋದ ವರ್ಷ ಓಣಿಯವರೆಲ್ಲ ರೊಟ್ಟಿ ತಂದುಕೊಟ್ಟು, "ನೀ ತಿರುಗಿ ಕೊಡೂದೇನ ಬ್ಯಾಡ ಬಿಡವ್ವಾ, ಪಾಪ" ಎಂದಿದ್ದರು. ಭರಮವ್ವನಿಗೆ ಆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಬರುವ ಹಬ್ಬಕ್ಕೆ ತಾನೇ ಬಡಿದ ರೊಟ್ಟಿ ಓಣಿಗೆ ಹೋಗಬೇಕು, ಇಲ್ಲವಾದರೆ ತಾನಿದ್ದೂ ಸತ್ತಂತೆ ಎಂದು ಒಳಗೊಳಗೇ ಹಟ ಹಿಡಿದಳು.

ಎಂಬತ್ನಾಲ್ಕನೆಯ ಇಸವಿ ಅದು. ಹಿರೇಕೆರೂರಿನಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ನಡೆಯಿತು. 'ಊರಿನಲ್ಲಿ ಅಂಗ ಊನವಾದವರೊಬ್ಬರಿಗೆ ಉಪಯೋಗ ಆಗುವಂಥದ್ದು ಮಾಡಿ' ಎಂದು ಮೇಷ್ಟ್ರು ಹೇಳಿದ್ದರು. ಆಚಾರ್ಯರ ಮನೆಯ ವಾದಿರಾಜನಿಗೆ ತಟ್ಟನೆ ನೆನಪಾದದ್ದು ತಮ್ಮ ಮನೆಗೆ ಹಾಲು ಹಾಕುವ ಭರಮವ್ವ. ಗೆಳೆಯ ಗುದ್ಲೆಪ್ಪನನ್ನು ಕಟ್ಟಿಕೊಂಡು ಎರಡು ಕಬ್ಬಿಣದ ತಗಡು, ಒಂದು ಹಿಡಿಕೆ ಜೋಡಿಸಿ ರೊಟ್ಟಿ ಒತ್ತುವ ಯಂತ್ರ ಮಾಡಿಯೇಬಿಟ್ಟ. ಬಹುಮಾನವೂ ಬಂತು. ಕೊರಳಿಗೆ ಹಾಕಿದ ಹಾರವನ್ನು ಯಂತ್ರಕ್ಕೆ ಹಾಕಿಕೊಂಡು ಇಬ್ಬರೂ ಭರಮವ್ವನ ಮನೆಗೆ ಬಂದರು.

ಹಿಟ್ಟಿಟ್ಟು ಒತ್ತಿದರೆ ದುಂಡಗೆ ಬಂತು. ಹಂಚಿನ ಮೇಲೆ ಹಾಕಿದರೆ ಉಬ್ಬಲೊಲ್ಲದು, ಸೀಳುಬಿಟ್ಟು ಬಿದ್ದುಕೊಂಡಿತು. ಭರಮವ್ವನ ಆಸೆಯೂ ಅಲ್ಲೇ ಬಿದ್ದಿತು.

"ತಮ್ಮಾ, ಒತ್ತಿದ್ದು ಹಪ್ಪಳ ಆಗತೈತಿ. ರೊಟ್ಟಿ ಬಡೀಬೇಕು. ನೀ ಎಂದಾರ ರೊಟ್ಟಿ ಮಾಡೂದು ನೋಡೀಯೇನು?"

ವಾದಿರಾಜ ಕೆಂಪಾದ. "ಇಲ್ರಿ. ನಮ್ಮನ್ಯಾಗ ಅಡಗಿ ಮಡೀಲೆ ಮಾಡ್ತಾರ್ರಿ. ನಮ್ಮಜ್ಜಿ ಒಲಿ ಹತ್ರ ಬಿಡಂಗಿಲ್ರಿ. ತಾಟಿಗೆ ಬಿದ್ದ ಮ್ಯಾಲ ನೋಡೇನ್ರಿ ಅಷ್ಟ."

"ಮತ್ತ ನೀನೋ, ಗುದ್ಲೆಪ್ಪಾ?"

"ನಾ ದಿನಾ ನೋಡ್ತೇನ್ರಿ. ಆದ್ರ ಇಂವಾ ಕ್ಲಾಸಿಗೆ ಫಸ್ಟ್ ಬರ್ತಾನಲ್ರಿ, ಗೊತ್ತಿರತೈತಿ ಅಂತ ಸುಮ್ಮನಿದ್ದೆ."

ಭರಮವ್ವ ನಕ್ಕಳು ನೋಡಿ! ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಅತ್ತೆ ನಕ್ಕದ್ದು ಕಂಡು ಅಡಿವೆವ್ವನಿಗೆ ಹಿಟ್ಟು ಕಲಸುವುದೇ ಮರೆತುಹೋಯಿತು. "ಬಾ ಇಲ್ಲಿ, ಒಲಿ ಮುಂದ ಕುಂದರು. ನಮ್ಮನ್ಯಾಗ ಮಡಿಗಿಡಿ ಏನಿಲ್ಲ" ಎಂದು ಭರಮವ್ವ ಹುಡುಗನನ್ನು ಕೂರಿಸಿದಳು.

ಅಡಿವೆವ್ವ ಬಡಿಯುತ್ತ ಹೋದಂತೆ ವಾದಿರಾಜ ಅವಳ ಎಡಗೈಯನ್ನೇ ನೋಡುತ್ತ ಕುಳಿತ. ಕೊನೆಗೆ, "ಎಡಗೈ ಬಡಿಯಂಗಿಲ್ಲ, ತಿರಗಸ್ತೈತಿ. ಹಂಗಾದ್ರ ಹಲಗೀನ ತಿರುಗಬೇಕು" ಎಂದ.

ಸೈಕಲ್ ಅಂಗಡಿಯ ಇಸ್ಮಾಯಿಲಸಾಬ ಹಳೆಯ ಗಾಲಿಯ ನಡುವೆ ತಿರುಗುವ ಹಬ್ಬು ಬಿಚ್ಚಿಕೊಟ್ಟ. ಅದನ್ನು ಒಂದು ಮಣೆಗೆ ಬಿಗಿದರು, ಮೇಲೆ ದುಂಡು ಹಲಗೆ ಕೂತಿತು. ಭರಮವ್ವ ಹಿಟ್ಟಿಟ್ಟು ಒಂದು ಏಟು ಕೊಟ್ಟಳೋ ಇಲ್ಲವೋ, ಹಲಗೆ ಬುಗುರಿಯಾಯಿತು! ಹಿಟ್ಟು ಹಾರಿ ಇಸ್ಮಾಯಿಲಸಾಬನ ಗಡ್ಡಕ್ಕೆ ಬಡಿಯಿತು.

"ಬ್ರೇಕ್ ಇಲ್ಲದ ಸೈಕಲ್ ನಾ ಯಾರಿಗೂ ಕೊಟ್ಟಾಂವಲ್ಲ ಅಕ್ಕಾ" ಎಂದು ಗಡ್ಡ ಒರೆಸಿಕೊಳ್ಳುತ್ತ ಅವನು ಟ್ಯೂಬಿನ ರಬ್ಬರ್ ತುಂಡೊಂದನ್ನು ಹಲಗೆಯಡಿ ಸಿಕ್ಕಿಸಿದ. ಆಮೇಲೆ ಹಲಗೆ ತಳ್ಳಿದಷ್ಟೇ ತಿರುಗಿ ನಿಲ್ಲತೊಡಗಿತು.

ಸುದ್ದಿ ಓಣಿಗೆ ಹಬ್ಬಿತು. ಇನ್ನು ಹೆಂಗಸರು ಸುಮ್ಮನಿರುತ್ತಾರೆಯೇ? ಎದುರು ಮನೆಯ ಕರೆವ್ವ ತನ್ನ ಎಡಗೈಯನ್ನು ಸೆರಗಿನಲ್ಲಿ ಬಿಗಿದು ಕಟ್ಟಿಸಿಕೊಂಡು ಹಲಗೆಯ ಮುಂದೆ ಕುಳಿತೇಬಿಟ್ಟಳು. ಮೊಣಕೈಯಿಂದ ತಳ್ಳಲು ಹೋಗಿ ಜಾರಿ, "ಇಲ್ಲೊಂದು ಗೂಟ ಬೇಕೋ ಹುಡುಗೂರಾ, ತೋಳಿಗೆ ಆನಿಕಿ ಸಿಗವಲ್ದು" ಎಂದಳು. ಗೂಟ ಬಂತು. ಇನ್ನೊಬ್ಬಳು ಕುಳಿತು, ಹಲಗೆ ಎತ್ತರವಾಯಿತೆಂದಳು. ಮಣೆಯ ಕಾಲು ಕೊಯ್ದು ತಗ್ಗಿಸಿದರು. ಓಣಿಯ ತುಂಬ ಒಂದು ಕೈ ಕಟ್ಟಿಕೊಂಡ ಹೆಂಗಸರು! ವಾದಿರಾಜ ಎಲ್ಲರ ಮಾತೂ ಕೇಳಿ ಕೇಳಿ ಹಲಗೆ ತಿದ್ದಿದ.

ಆದರೂ ರೊಟ್ಟಿ ಸುಲಭಕ್ಕೆ ಒಲಿಯಲಿಲ್ಲ. ತೋಳಿನಿಂದ ಗೂಟ ತಳ್ಳುವುದೂ ಬಲಗೈ ಬಡಿಯುವುದೂ ಹೊಂದಬೇಕಲ್ಲ. ಎತ್ತಿ ಹಂಚಿಗೆ ಹಾಕುವಾಗ ಅರ್ಧ ಕೈಯಲ್ಲಿ, ಅರ್ಧ ಬೂದಿಯಲ್ಲಿ. ಮುರಿದ ರೊಟ್ಟಿ ತಿಂದು ತಿಂದು ಎಮ್ಮೆ ಮೈ ತುಂಬಿಕೊಂಡಿತು. ಒಮ್ಮೆ ಸಿಟ್ಟಿಗೆದ್ದು ಭರಮವ್ವ ಹಲಗೆಯನ್ನು ಅಂಗಳಕ್ಕೆ ಎಸೆದಳು. ಮರುದಿನ ತಾನೇ ಎತ್ತಿ ತಂದು, ತೊಳೆದು, ಮತ್ತೆ ಕುಳಿತಳು.

ರೊಟ್ಟಿ ಹಬ್ಬ ಬಂತು. ಬೆಳಗಾಗುತ್ತಲೇ ಓಣಿಯ ಮನೆ ಮನೆಯಿಂದ ಪಟಪಟ ಸಪ್ಪಳ. ಭರಮವ್ವನ ಮನೆಯಿಂದ ಬಂದದ್ದು ಸ್ವಲ್ಪ ನಿಧಾನ, ಆದರೆ ಬಂತು. ಎಳ್ಳು ಹಚ್ಚಿ ಸುಟ್ಟ ರೊಟ್ಟಿಗಳನ್ನು ಬುಟ್ಟಿಯಲ್ಲಿಟ್ಟು ಅಡಿವೆವ್ವನ ಕೈಯಲ್ಲಿ ಓಣಿಗೆಲ್ಲ ಕಳಿಸಿದಳು. ಕಳಿಸಿ, ಬಾಗಿಲಲ್ಲಿ ದಾರಿ ನೋಡುತ್ತ ನಿಂತಳು.

ತುಸು ಹೊತ್ತಿಗೆ ಕರೆವ್ವ ಅದೇ ರೊಟ್ಟಿ ಹಿಡಿದುಕೊಂಡು ಬೀದಿ ದಾಟಿ ಬಂದಳು.

"ಏನ ಭರಮವ್ವ ಇದು? ಅಂಚೆಲ್ಲಾ ಒಡದೈತಿ! ಹಬ್ಬಕ್ಕ ಕೊಡೂ ರೊಟ್ಟಿ ಏನಿದು?"

ಖಾಲಿ ಬುಟ್ಟಿ ಹಿಡಿದು ಆಗತಾನೇ ಮರಳಿದ್ದ ಅಡಿವೆವ್ವ ಗಾಬರಿಯಾದಳು. ಭರಮವ್ವ ಸೊಂಟಕ್ಕೆ ಕೈಯಿಟ್ಟಳು.

"ಬಾರವ್ವ ದೊಡ್ಡಾಕಿ! ನೀ ರೊಟ್ಟಿ ಜೋಡಿ ಕಳಿಸಿದ ಪುಂಡಿಪಲ್ಯಾಕ ಉಪ್ಪ ಹಾಕೀಯೇನು? ನಮ್ಮ ಎಮ್ಮಿನೂ ಮೂಸಂಗಿಲ್ಲ!"

"ನನ್ನ ಪಲ್ಯಾಕ ಬರತೀಯಾ?"

"ನನ್ನ ರೊಟ್ಟಿಗೆ ನೀ ಬಂದೀಯಲ್ಲ!"

ಜಗಳ ಓಣಿಯ ಆ ತುದಿಗೂ ಕೇಳಿಸಿತು. ಕರೆವ್ವ ಬುಸುಗುಡುತ್ತ ಹೋದಳು, ರೊಟ್ಟಿಯನ್ನು ಮಾತ್ರ ಬಿಟ್ಟುಹೋಗಲಿಲ್ಲ. ಭರಮವ್ವ ಕಟ್ಟೆಯ ಮೇಲೆ ಕುಸಿದು ಕುಳಿತಳು. ಕಣ್ಣು ತುಂಬಿ ಹರಿಯುತ್ತಿತ್ತು.

"ಬಿಡ್ರಿ ಅತ್ತಿ, ಆಕಿ ಮಾತಿಗೆ ಯಾಕ ಅಳ್ತೀರಿ?" ಎಂದಳು ಅಡಿವೆವ್ವ.

"ಅಳ್ತೇನಿ ಅಂತ ಯಾರ ಹೇಳಿದ್ರು?" ಭರಮವ್ವ ಮೂಗು ಒರೆಸಿಕೊಂಡು ನಕ್ಕಳು. "ಕರೆವ್ವ ಪಾಪ ಅನ್ಲಿಲ್ಲ, ನನ್ನ ರೊಟ್ಟಿಗೆ ಒಡದೈತಿ ಅಂತ ಹೆಸರಿಟ್ಲು, ನೋಡಿದೇನ? ನನ್ನ ರೊಟ್ಟಿಗೆ!"