ಎಂಟು ದಿನ ಸಪ್ಪೆ ಉಂಡ ರೆಫ್ರಿ

ಭದ್ರಾವತಿಯಲ್ಲಿದ್ದಾಗ ಜಟ್ಟಿ ನಾಯ್ಕ ಸೀಟಿ ಊದಿದರೆ ಇಪ್ಪತ್ತೆರಡು ಗಂಡಸರು ನಿಂತಲ್ಲೇ ನಿಲ್ಲುತ್ತಿದ್ದರು. ಹಳದೀಪುರಕ್ಕೆ ಬಂದ ಮೇಲೆ ಅವನು ಎಷ್ಟು ಕೂಗಿದರೂ ಅತ್ತೆಮನೆಯ ಕರು ಕೂಡ ನಿಲ್ಲುತ್ತಿರಲಿಲ್ಲ. ಮನೆ ಅಳಿಯನ ಮಾತಿಗೆ ಬೆಲೆಯಿಲ್ಲವೆಂಬುದು ಆ ಕರುವಿಗೂ ಗೊತ್ತಾಗಿತ್ತೋ ಏನೋ.

ಅವನೇನು ಬೇಕೆಂದು ಮನೆ ಅಳಿಯನಾದವನಲ್ಲ. ಮಾವ ತೀರಿಕೊಂಡಿದ್ದ. ಅತ್ತೆ ಸಣ್ಣಮ್ಮನ ಹತ್ತಿರ ತೆಂಗಿನ ತೋಟವಿತ್ತು, ಗದ್ದೆಯಿತ್ತು, ಹತ್ತೊಂಬತ್ತು ವರ್ಷದ ಮಗ ಪಾಂಡುವೂ ಇದ್ದ. ಆದರೆ ಪಾಂಡುವಿನ ಜೀವವೆಲ್ಲ ಫುಟ್‌ಬಾಲ್ ಚೆಂಡಿನೊಳಗಿತ್ತು. ಮಗಳು ಅಳಿಯ ಬಂದು ನಿಂತರೆ ತೋಟ ಉಳಿದೀತು ಎಂದು ಸಣ್ಣಮ್ಮ ಹೇಳಿ ಕಳಿಸಿದಳು. ಹೆಂಡತಿ ಗಣಪಿ ಹದಿನೈದು ದಿನ ಬಿಡದೆ ಅತ್ತಳು. ಜಟ್ಟಿ ಉಗ್ರಾಣದ ಗುಮಾಸ್ತಿಕೆ ಬಿಟ್ಟು ಮೈಸೂರು ಸೀಮೆಯಿಂದ ಘಟ್ಟ ಇಳಿದು ಮುಂಬಯಿ ಇಲಾಖೆಗೆ ಬಂದ. ಆಗ ೧೯೪೬ನೇ ಇಸವಿ.

ಬರುವಾಗ ಒಂದು ತಗಡಿನ ಕೊಳವೆಯಲ್ಲಿ ರೆಫ್ರಿಯ ಸರ್ಟಿಫಿಕೇಟನ್ನೂ, ಟ್ರಂಕಿನ ತಳದಲ್ಲಿ ಕಪ್ಪು ಕೋಟನ್ನೂ ತಂದಿದ್ದ. ಒಂಬತ್ತು ವರ್ಷ ಆ ಕೋಟು ಹಾಕಿಕೊಂಡು ಓಡಿದವನು. ಹಳದೀಪುರದಲ್ಲಿ ಮೊದಲ ಸಲ ಅದನ್ನು ಬಿಸಿಲಿಗೆ ಹಾಕಿದಾಗ, ಸಣ್ಣಮ್ಮನ ಅಳಿಯ ವಕೀಲನಂತೆ ಎಂದು ಸುದ್ದಿಯಾಗಿ ಇಬ್ಬರು ಗಡಿ ತಕರಾರಿನ ಕಾಗದ ಹಿಡಿದುಕೊಂಡು ಬಂದಿದ್ದರು.

ಇಲ್ಲೂ ಸೀಟಿ ಊದಲು ಒಪ್ಪಿಗೆ ಕೇಳಿ ಮುಂಬಯಿಯ ಫುಟ್‌ಬಾಲ್ ಸಂಘಕ್ಕೆ ಅವನು ಪತ್ರ ಬರೆದ. ಮೂರು ತಿಂಗಳ ಮೇಲೆ ಉತ್ತರ ಬಂತು. ಮೈಸೂರಿನ ಕಾಗದ ಇಲ್ಲಿ ನಡೆಯುವುದಿಲ್ಲ. ಆದರೂ ಒಂಬತ್ತು ವರ್ಷದ ಅನುಭವ ನೋಡಿ ಒಂದು ರಿಯಾಯಿತಿ ಕೊಡುತ್ತೇವೆ: ಮೇ ತಿಂಗಳು ಮುಗಿಯುವುದರೊಳಗೆ ಈ ಇಲಾಖೆಯ ಒಂದು ಪಂದ್ಯಾವಳಿಯಲ್ಲಿ ಆಟ ನಡೆಸಿ, ಎರಡೂ ಕಡೆಯ ಕ್ಯಾಪ್ಟನ್ನರು ಸಮಾಧಾನವಾಗಿದೆ ಎಂದು ಸಹಿ ಹಾಕಿದ ಕಾಗದ ಕಳಿಸಬೇಕು. ಇಲ್ಲವಾದರೆ ಮೊದಲಿನಿಂದ, ಅಂದರೆ ಗೆರೆಯ ಹೊರಗೆ ಬಾವುಟ ಹಿಡಿಯುವುದರಿಂದ ಶುರು. ಮೂವತ್ತೊಂಬತ್ತರ ಮನುಷ್ಯ ಬಾವುಟ ಹಿಡಿದುಕೊಂಡು ನಿಂತರೆ ಸೀಟಿ ಕೈಗೆ ಬರುವಷ್ಟರಲ್ಲಿ ಹಲ್ಲು ಉದುರಿರುತ್ತವೆ.

ಸಣ್ಣಮ್ಮ ಕೆಟ್ಟವಳಲ್ಲ. ಅಳಿಯನ ತಟ್ಟೆಗೆ ಮೀನಿನ ನಡುತುಂಡನ್ನೇ ಬಡಿಸುವವಳು. ಆದರೆ ಹಳೇ ಕಾಲದ ಮರ್ಯಾದೆಯವಳು, ಅಳಿಯನ ಎದುರು ಬಾಯಿ ಬಿಡುತ್ತಿರಲಿಲ್ಲ. ಹೇಳುವುದನ್ನೆಲ್ಲ ಅಡಿಗೆಮನೆಯ ಬಾಗಿಲ ಹಿಂದಿನಿಂದ ಮಗಳಿಗೆ ಹೇಳುತ್ತಿದ್ದಳು. ಯಾವ ಮರದ ಕಾಯಿ ಕೊಯ್ಯಬೇಕು, ಯಾವ ಗದ್ದೆಗೆ ಗೊಬ್ಬರ ಹಾಕಬೇಕು ಎಲ್ಲವೂ ಬಾಗಿಲ ಹಿಂದೆಯೇ ನಿಶ್ಚಯವಾಗಿ ಹೊರಗೆ ಬರುತ್ತಿತ್ತು. ಜಟ್ಟಿಗೆ ನಡುತುಂಡಿನ ಆಸೆ ಇರಲಿಲ್ಲ. ವಾರಕ್ಕೆ ಒಂದೂವರೆ ತಾಸು ತನ್ನ ಮಾತು ನಡೆಯುವ ಒಂದು ಜಾಗ ಬೇಕಾಗಿತ್ತು, ಅಷ್ಟೇ. ಅದಿಲ್ಲದೆ ತಾನು ದಿನದಿನಕ್ಕೆ ಸಣ್ಣವನಾಗುತ್ತಿದ್ದೇನೆ ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಮುಂಬಯಿಯ ಉತ್ತರ ಬಂದಾಗ ಆ ವರ್ಷದ ಪಂದ್ಯಾವಳಿಯಲ್ಲಿ ಉಳಿದಿದ್ದದ್ದು ಫೈನಲ್ ಒಂದೇ. ಆಡುವ ಜಾಗ ಹೊನ್ನಾವರ. ಮೊದಲಿನ ರೆಫ್ರಿಗೆ ವರ್ಗವಾಗಿತ್ತು. ಪಂದ್ಯಾವಳಿ ನಡೆಸುತ್ತಿದ್ದ ಕುಮಟೆಯ ತಿಮ್ಮಪ್ಪ ಮಾಸ್ತರರು ಜಟ್ಟಿಯ ಸರ್ಟಿಫಿಕೇಟನ್ನು ಎರಡು ಸಲ ಓದಿ, ದೇವರೇ ಕಳಿಸಿದ ಹಾಗಾಯಿತು ಎಂದರು. ಆದರೆ ದೇವರು ಫೈನಲ್‌ಗೆ ಕಳಿಸಿದ್ದ ಎರಡು ತಂಡಗಳಲ್ಲಿ ಒಂದು ಭಟ್ಕಳದ್ದು, ಇನ್ನೊಂದು ಹಳದೀಪುರದ್ದು. ಹಳದೀಪುರದ ಕ್ಯಾಪ್ಟನ್ ಪಾಂಡು.

ಭಟ್ಕಳದ ಕ್ಯಾಪ್ಟನ್ ಮೊಹಿದ್ದೀನ್ ಜವಳಿ ವ್ಯಾಪಾರದವನು, ಬಹಳ ನಯದ ಮನುಷ್ಯ. ಮೂರೂ ಊರಿನವರು ಕೂಡಿದ ಸಭೆಯಲ್ಲಿ ಅವನು ಜಟ್ಟಿಯ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಇವರು ಪ್ರಾಮಾಣಿಕರೇ ಇರಬೇಕು, ಅದೇ ತೊಂದರೆ ಎಂದ. ಉಂಡ ಮನೆಗೆ ಎರಡು ಬಗೆಯಬಾರದು. ಹಳದೀಪುರದ ಉಪ್ಪು ತಿಂದು ಹಳದೀಪುರದ ಮೇಲೆ ತೀರ್ಪು ಕೊಟ್ಟರೆ ಇವರಿಗೆ ಪಾಪ, ಕೊಡದಿದ್ದರೆ ನಮಗೆ ನಷ್ಟ. ಒಬ್ಬ ಸಂಸಾರಸ್ಥನನ್ನು ಪಾಪಕ್ಕೆ ತಳ್ಳಿ ಕಪ್ ಗೆಲ್ಲುವ ಆಸೆ ನಮಗಿಲ್ಲ ಎಂದ. ಸೇರಿದವರೆಲ್ಲ ತಲೆದೂಗಿದರು. ತಮಾಷೆಯೆಂದರೆ ಹಳದೀಪುರದ ಹಿರಿಯರೇ ಎಲ್ಲರಿಗಿಂತ ಜೋರಾಗಿ ತಲೆದೂಗಿದರು.

ಫೈನಲ್‌ಗೆ ಉಳಿದ ಎಂಟು ದಿನ ರೆಫ್ರಿಯನ್ನು ಕುಮಟೆಯಲ್ಲಿ ಇರಿಸೋಣ ಎಂದು ಒಬ್ಬರೆಂದರು. ಸೆಮಿಫೈನಲ್‌ನಲ್ಲಿ ಭಟ್ಕಳಕ್ಕೆ ಸೋತ ಹೊಟ್ಟೆಯುರಿ ಕುಮಟೆಯ ಉಪ್ಪಿನಲ್ಲೂ ಇದ್ದೀತೆಂದು ಭಟ್ಕಳದವರು ಒಪ್ಪಲಿಲ್ಲ. ಭಟ್ಕಳದಲ್ಲೇ ಇರಲಿ ಎಂದರೆ ಹಳದೀಪುರ ಒಪ್ಪಲಿಲ್ಲ. ಮೂರೂ ಊರಿನವರು ತಿನ್ನುವುದು ಅದೇ ಸಾಣಿಕಟ್ಟೆಯ ಉಪ್ಪಲ್ಲವೇ ಎಂದು ಜಟ್ಟಿ ಕೇಳಿದ. ಋಣ ಇರುವುದು ಉಪ್ಪು ಬೆಳೆಯುವ ಆಗರದಲ್ಲಲ್ಲ, ಮನೆಯ ಉಪ್ಪಿನ ಮರಿಗೆಯಲ್ಲಿ ಎಂದು ಎರಡೂ ಊರಿನವರು ಒಂದೇ ಬಾಯಲ್ಲಿ ಉತ್ತರ ಕೊಟ್ಟರು. ಎಲ್ಲಿ ಇರಿಸುವುದೆಂಬ ಆ ಚರ್ಚೆಯಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಕೊನೆಗೆ ತಿಮ್ಮಪ್ಪ ಮಾಸ್ತರರು ದಾರಿ ತೋರಿಸಿದರು. ಋಣ ಉಪ್ಪಿಗೇ ಹೊರತು ಅನ್ನಕ್ಕಲ್ಲ. ಜಟ್ಟಿ ಅತ್ತೆಮನೆಯಲ್ಲೇ ಇರಲಿ, ಎಂಟು ದಿನ ಸಪ್ಪೆ ಉಣ್ಣಲಿ. ಉಪ್ಪಿನ ಋಣ ಸಂತೆಯಿಂದ ಸಂತೆಗೆ, ಅಂದರೆ ಎಂಟು ದಿನಕ್ಕೆ, ಹರಿದುಹೋಗುತ್ತದೆ ಎಂದು ಒಂದು ಶಾಸ್ತ್ರವನ್ನೂ ಅಲ್ಲೇ ಹುಟ್ಟಿಸಿದರು. ಫುಟ್‌ಬಾಲಿನ ಹದಿನೇಳು ಕಾಯ್ದೆಗಳೂ ಜಟ್ಟಿಗೆ ಬಾಯಿಪಾಠ. ಒಂದರಲ್ಲೂ ಉಪ್ಪಿನ ಸುದ್ದಿ ಇಲ್ಲ. ಆದರೆ ಅವನಿಗೆ ಎರಡು ಸಹಿ ಬೇಕಾಗಿತ್ತು. ಆಗಲಿ ಎಂದ.

ಮನೆಯಲ್ಲಿ ಬಾಗಿಲ ಹಿಂದಿನಿಂದ ಒಂದು ಪ್ರಶ್ನೆ ಬಂತು.

"ನಮ್ಮನೆ ಉಪ್ಪಿಗೆ ಎಂತ ಆತು ಅಂತ ಕೇಳೇ ಗಣಪಿ."

ಆದರೂ ಮರುದಿನದಿಂದ ಅಳಿಯನಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡಿಗೆಯಾಯಿತು. ಮೊದಲ ದಿನ ಬಂಗಡೆಯ ಸಾರು ಕೆಂಪು ಬಣ್ಣದ ಬಿಸಿನೀರಿನಂತಿತ್ತು. ಎರಡನೇ ದಿನ ಮಾವಿನಮಿಡಿಯ ಭರಣಿ ಅವನ ಕಣ್ಣಿಗೆ ಬೀಳದ ಹಾಗೆ ಅಟ್ಟ ಸೇರಿತು. ಮೂರನೇ ದಿನ ಗಂಜಿಯ ಮುಂದೆ ಕೂತವನಿಗೆ ಭದ್ರಾವತಿ ಬಿಟ್ಟದ್ದಕ್ಕೂ ಬರದಿದ್ದ ಅಳು ಬಂತು. ಭಟ್ಕಳದವರು ದಿನಕ್ಕೊಬ್ಬನಂತೆ ಆಳು ಕಳಿಸಿ, ಅಳಿಯನ ತಟ್ಟೆಯಿಂದ ಒಂದು ತುತ್ತು ರುಚಿ ನೋಡಿಸುತ್ತಿದ್ದರು. ಬಂದವರು ರುಚಿ ನೋಡಿ, ಅಯ್ಯೋ ಪಾಪ ಎಂದು ಹೋಗುತ್ತಿದ್ದರು. ಸಮುದ್ರದ ಗಾಳಿಯಲ್ಲೂ ಉಪ್ಪಿರುತ್ತದಲ್ಲ, ಅದು ಯಾರ ಕಡೆಯ ಲೆಕ್ಕ ಎಂದು ಪಾಂಡು ಒಂದು ಸಂಜೆ ಕೇಳಿದ. ಜಟ್ಟಿ ಅವನ ಕಡೆ ನೋಡದೆ ಬಾಯಿ ಮುಚ್ಚಿಕೊಂಡು ಮನೆಯೊಳಗೆ ಹೋದ.

ಐದನೇ ದಿನ ಗಣಪಿ ಗಂಡನ ಮೋರೆ ನೋಡಲಾರದೆ ಗಂಜಿಗೆ ನಾಲ್ಕೇ ಹರಳು ಉಪ್ಪು ಹಾಕಿದಳು. ಮೊದಲ ತುತ್ತಿಗೇ ಜಟ್ಟಿಯ ಕಣ್ಣು ಅರಳಿತು. ಅಷ್ಟು ರುಚಿಯಾದ ಗಂಜಿಯನ್ನು ಅವನು ಹುಟ್ಟಿದ ಮೇಲೆ ಉಂಡಿರಲಿಲ್ಲ. ನುಂಗಿದರೆ ನೋಡುವವರು ಯಾರೂ ಇಲ್ಲ, ಭಟ್ಕಳದ ಆಳು ಆಗಲೇ ಬಂದು ಹೋಗಿದ್ದ. ಜಟ್ಟಿ ಬಾಯಲ್ಲಿಟ್ಟುಕೊಂಡು ಕೂತ, ಕೂತ. ಆಮೇಲೆ ಎದ್ದು ಹೋಗಿ ತೆಂಗಿನ ಬುಡದಲ್ಲಿ ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ ಬಂದ. ಗಣಪಿ ಅತ್ತಳು. ಬಾಗಿಲ ಹಿಂದೆ ನಿಂತ ಸಣ್ಣಮ್ಮ ಎಲ್ಲವನ್ನೂ ನೋಡಿದಳು.

ಫೈನಲ್ ದಿನ ಬಿಸಿಲು ಹೆಂಚು ಕಾದ ಹಾಗಿತ್ತು. ಭಟ್ಕಳದವರು ಶರಾವತಿ ದಾಟಿ ಎರಡು ದೋಣಿ ತುಂಬ ಬಂದಿಳಿದರು. ಹಳದೀಪುರದಿಂದ ಗಾಡಿಗಳು ಸಾಲುಗಟ್ಟಿದವು. ಸಣ್ಣಮ್ಮ ಹುಟ್ಟಿದ ಮೇಲೆ ಫುಟ್‌ಬಾಲ್ ನೋಡಿದವಳಲ್ಲ. ಆದರೆ ಒಂದು ಕಡೆ ಮಗ, ನಡುವೆ ಅಳಿಯ ಓಡುವ ಆಟ ಎಂಥದ್ದು ನೋಡಿಬಿಡುತ್ತೇನೆಂದು, ಉಪ್ಪು ಬೆರೆಸಿದ ಮಜ್ಜಿಗೆಯ ಗಡಿಗೆ ಹಿಡಿದುಕೊಂಡು ಬಂದು ಹೆಂಗಸರ ಜೊತೆ ಮಾವಿನ ಮರದ ಕೆಳಗೆ ಕೂತಳು.

ಜಟ್ಟಿ ಕಪ್ಪು ಕೋಟು ಹಾಕಿಕೊಂಡೇ ಇಳಿದ. ತೆಗೆಯಿರಿ ಎಂದು ಮಾಸ್ತರರು ಹೇಳಿದರೂ ಕೇಳಲಿಲ್ಲ. ಸೀಟಿ ಬಾಯಿಗಿಟ್ಟ ಕ್ಷಣ ಅವನ ಬೆನ್ನು ನೆಟ್ಟಗಾಯಿತು. ಅಷ್ಟು ದಿನ ಸಪ್ಪೆ ಉಂಡದ್ದು, ಕರು ಮಾತು ಕೇಳದ್ದು, ಎಲ್ಲ ಮರೆತುಹೋಯಿತು. ಮೊದಲರ್ಧದಲ್ಲಿ ಭಟ್ಕಳ ಒಂದು ಗೋಲು ಹೊಡೆಯಿತು, ಆಮೇಲೆ ಹಳದೀಪುರ ಒಂದು ಹೊಡೆಯಿತು. ಜಟ್ಟಿ ಇಬ್ಬರನ್ನೂ ಸಮಸಮ ಬೈದ. ಅಳಿಯನೂ ಜೋರು ಮಾತಾಡುತ್ತಾನೆಂದು ಸಣ್ಣಮ್ಮನಿಗೆ ಗೊತ್ತಾದದ್ದು ಅವತ್ತೇ.

ಆಟ ಮುಗಿಯಲು ಎರಡೇ ನಿಮಿಷ ಇದ್ದಾಗ ಭಟ್ಕಳದವನೊಬ್ಬ ಹಳದೀಪುರದ ಗೋಲಿನ ಎದುರು ಚೆಂಡು ಎತ್ತಿ ಹೊಡೆದ. ಗೋಲಿನ ಮುಂದೆ ಏಳೆಂಟು ಜನ ಒಟ್ಟಿಗೆ ಹಾರಿದರು, ಧೂಳೆದ್ದಿತು. ಆ ಧೂಳಿನಲ್ಲಿ ಪಾಂಡುವಿನ ಬಲಗೈ ಚೆಂಡನ್ನು ಆಚೆ ತಳ್ಳಿದ್ದನ್ನು ಜಟ್ಟಿಯೊಬ್ಬನೇ ಕಂಡ. ಸೀಟಿ ಊದಿದ. ಕೈ ಎತ್ತಿ ತೋರಿಸಬೇಕೆಂದು ಒಂದು ಹೆಜ್ಜೆ ಇಟ್ಟನೋ ಇಲ್ಲವೋ, ಎರಡೂ ಮೀನಖಂಡ ಹಗ್ಗ ಹೊಸೆದಂತೆ ಬಿಗಿದು ದೊಪ್ಪನೆ ಬಿದ್ದ. ಎಂಟು ದಿನ ಬೆವರಿನಲ್ಲಿ ಹೋದ ಉಪ್ಪಿಗೆ ಬದಲು ಒಳಗೆ ಒಂದು ಹರಳೂ ಹೋಗಿರಲಿಲ್ಲ.

ಎರಡೂ ತಂಡ ಓಡಿ ಬಂತು. ಸೀಟಿ ಪೆನಲ್ಟಿಗೇ ಎಂದು ಭಟ್ಕಳದವರು ಹೇಳಿದರು. ಅಲ್ಲ, ಕಾಲು ಸೆಳೆದ ನೋವಿಗೆ ಊದಿದ್ದು ಎಂದು ಹಳದೀಪುರದವರು. ಹಲ್ಲು ಕಚ್ಚಿಕೊಂಡು ಹೊರಳುತ್ತಿದ್ದ ಜಟ್ಟಿಗೆ ಮಾತೇ ಹೊರಡುತ್ತಿರಲಿಲ್ಲ. ಉಪ್ಪು ಹಾಕಿದ ಮಜ್ಜಿಗೆ ಕೊಡಿ ಎಂದು ಮಾಸ್ತರರು ಕೂಗಿದರು. ಆಗ ಶುರುವಾಯಿತು ನೋಡಿ, ಯಾರ ಉಪ್ಪು ಎಂಬ ತಕರಾರು. ಮೊಹಿದ್ದೀನ್ ಪಾಪ, ಯಾರದಾದರೂ ಕೊಡಿ, ಮನುಷ್ಯ ಸಾಯುತ್ತಾನೆ ಎಂದ. ಅವನ ಕಡೆಯವರೇ ಅವನನ್ನು ಹಿಂದಕ್ಕೆ ಎಳೆದರು. ಎರಡೂ ಊರಿನದ್ದು ಒಂದೊಂದು ಚಿಟಿಕೆ ಬೆರೆಸಿ ಕೊಡೋಣ ಎಂದು ಇನ್ನೊಬ್ಬರು ಹೇಳಿದರೆ, ಯಾರದನ್ನು ಮೊದಲು ಹಾಕುವುದು ಎಂದು ಮತ್ತೆ ಜಗಳ. ರೆಫ್ರಿ ನೆಲದ ಮೇಲೆ, ಊರು ಉಪ್ಪಿನ ಮೇಲೆ.

ಸಣ್ಣಮ್ಮ ಎದ್ದಳು. ಗಡಿಗೆ ಸೊಂಟಕ್ಕಿಟ್ಟುಕೊಂಡು ಗೆರೆ ದಾಟಿ ನೇರ ಮೈದಾನದೊಳಗೆ ನಡೆದಳು. ಗಂಡಸರು ದಾರಿ ಬಿಟ್ಟರು. ಅಳಿಯನ ಪಕ್ಕ ಕೂತು, ಮಗಳಿಗಲ್ಲ, ಗೋಡೆಗಲ್ಲ, ಅವನ ಮುಖಕ್ಕೇ ಹೇಳಿದಳು.

"ಮೊದ್ಲು ನಿಮ್ಮ ತೀರ್ಪು ಹೇಳಿ. ಉಪ್ಪು ಆಮೇಲೆ."

ಜಟ್ಟಿ ಅತ್ತೆಯನ್ನು ನೋಡಿದ. ಅವಳ ಹಿಂದೆ ನಿಂತ ಪಾಂಡುವನ್ನೂ ನೋಡಿದ. ಹೇಳಬೇಕಾದ್ದು ಇವಳ ಮಗನ ಮೇಲೆ, ಇವಳ ಕೈಯ ಗಡಿಗೆ ಎದುರಿಗಿಟ್ಟುಕೊಂಡು.

"ಪಾಂಡು ಕೈಲಿ ಚೆಂಡು ತಳ್ಳಿದ. ಪೆನಲ್ಟಿ."

ಅದು ಎದೆಗೆ ತಾಗಿದ್ದು ಎಂದು ಪಾಂಡು ದೇವರ ಆಣೆ ಹಾಕಲು ಹೊರಟ. ತಾಯಿ ಅವನ ಕಡೆ ತಿರುಗಲಿಲ್ಲ. ಗಡಿಗೆಯನ್ನು ಅಳಿಯನ ಬಾಯಿಗೆ ಹಿಡಿದಳು. ಜಟ್ಟಿ ಗಟಗಟ ಅರ್ಧ ಗಡಿಗೆ ಕುಡಿದ. ಈಗ ಇವನು ಹಳದೀಪುರದ ಉಪ್ಪು ತಿಂದನಲ್ಲ, ಉಳಿದ ಆಟ ಹೇಗೆ ನಡೆಸುತ್ತಾನೆ ಎಂದು ಭಟ್ಕಳದ ಕಡೆಯಿಂದ ಯಾರೋ ಕೇಳಿದರು. ಜಟ್ಟಿ ಗಡಿಯಾರ ನೋಡಿ, ಹೊತ್ತು ಮುಗಿದಿದೆ, ಉಳಿದದ್ದು ಪೆನಲ್ಟಿ ಒಂದೇ ಎಂದ. ಇಬ್ಬರ ಹೆಗಲು ಹಿಡಿದು ನಿಂತೇ ಸೀಟಿ ಊದಿದ. ಮೊಹಿದ್ದೀನ್ ಚೆಂಡನ್ನು ಮೂಲೆಗೆ ಹೊಡೆದ. ಭಟ್ಕಳ ಗೆದ್ದಿತು.

ಮೊಹಿದ್ದೀನ್ ಅಲ್ಲೇ, ಮಾಸ್ತರರ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದ. ಪಾಂಡುವನ್ನು ಹುಡುಕಿದರೆ ಅವನು ಇರಲಿಲ್ಲ. ನಮ್ಮನ್ನು ಸೋಲಿಸಿದವನಿಗೆ ನಾನು ಸಹಿ ಹಾಕುವುದೇ ಎಂದು ಹೇಳಿ, ಹಳದೀಪುರದ ಮೊದಲ ಗಾಡಿ ಹತ್ತಿದ್ದ. ಜಟ್ಟಿ ಕಾಗದವನ್ನು ಮಡಿಸಿ ಕೋಟಿನ ಕಿಸೆಗೆ ಹಾಕಿದ. ಒಂದು ಸಹಿಯ ಕಾಗದ ಮುಂಬಯಿಯವರಿಗೆ ಬೇಡ. ಮೇ ತಿಂಗಳು ಮುಗಿಯಲು ಉಳಿದದ್ದು ನಾಲ್ಕು ದಿನ, ಆಟ ಒಂದೂ ಉಳಿದಿರಲಿಲ್ಲ. ಹೆಂಡತಿಯ ತಮ್ಮನ ಕಾಲು ಹಿಡಿದು ಸಹಿ ಬೇಡುವುದಕ್ಕಿಂತ ಬಾವುಟ ಹಿಡಿಯುವುದೇ ಮೇಲು ಎಂದುಕೊಂಡ. ಅವನು ತಪ್ಪು ಹೇಳಿರಲಿಲ್ಲ, ಆದರೂ ದಾರಿಯುದ್ದಕ್ಕೂ ಅವನ ಎದೆ ಭಾರವಾಗಿಯೇ ಇತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಪಾಂಡು ಜಗಲಿಯ ಮೇಲೆ ಮೋರೆ ಊದಿಸಿಕೊಂಡು ಕೂತಿದ್ದ. ಭಾವನನ್ನು ಕಂಡು ಗೋಡೆಯ ಕಡೆ ತಿರುಗಿದ. ಜಟ್ಟಿ ಏನೂ ಕೇಳದೆ ಒಳಗೆ ಹೊರಟ. ಸಣ್ಣಮ್ಮ ಅವನನ್ನು ತಡೆದು ಕಾಗದ ಕೊಡಿ ಎಂದಳು. ತಲೆಕೆಳಗಾಗಿ ಹಿಡಿದು ನೋಡಿದಳು, ಓದಲು ಅವಳಿಗೆ ಬರುತ್ತಿರಲಿಲ್ಲ. ಮಗನ ಮುಂದೆ ಹೋಗಿ ನಿಂತಳು.

"ಕೈ ತಾಗಿತ್ತಾ ಇಲ್ಲವಾ? ಎದೆ ಸುದ್ದಿ ಬೇಡ, ನಾ ನಿನ್ನ ಹೆತ್ತವಳು."

ಪಾಂಡು ನೆಲ ನೋಡಿದ. ತಾಯಿ ಅಲ್ಲಿಂದ ಕದಲಲಿಲ್ಲ.

"ತಾಗಿತ್ತು," ಎಂದ.

"ಹಾಂಗಾರೆ ಆ ಕೈಲೇ ಸಹಿ ಹಾಕು."

ಪಾಂಡು ಬಲಗೈ ಚಾಚಿ ಕಾಗದ ತೆಗೆದುಕೊಂಡ. ಎರಡೂ ಕಾಲು ಸೆಳೆದಾಗಲೂ ಕಣ್ಣೀರು ಹಾಕದ ಜಟ್ಟಿ, ಕೋಟು ಒಗೆಯಬೇಕು ಎಂದು ಯಾರಿಗೋ ಹೇಳುತ್ತ ಬಾವಿಕಟ್ಟೆಗೆ ಹೋಗಿ, ಮುಖದ ಮೇಲೆ ಎರಡು ಕೊಡ ನೀರು ಸುರಿದುಕೊಂಡ.