ದ್ರಾಕ್ಷಿ ಬಳ್ಳಿಗೆ ಕ್ಷೌರ

ನನ್ನ ಮಾವ ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ನನ್ನ ಕೆಲಸವನ್ನು ಹೊಗಳಿದವರಲ್ಲ. ಬೈದವರೂ ಅಲ್ಲ. ನಾನು ಗಿರಾಕಿಯ ತಲೆ ಮುಗಿಸಿ ಹಿಂದಿನಿಂದ ಕನ್ನಡಿ ಹಿಡಿದಾಗ, ಮೂಲೆಯ ಕುರ್ಚಿಯಿಂದ ಒಮ್ಮೆ ನೋಡಿ "ಹೂಂ" ಅನ್ನುತ್ತಿದ್ದರು, ಅಷ್ಟೆ. ಆ ಹೂಂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಚೆನ್ನಾಗಿದೆ ಅಂದರೋ, ಸುಮಾರಾಗಿದೆ ಅಂದರೋ, ಕೆಮ್ಮಿದರೋ, ಹೆಂಡತಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಕ್ಷೌರದಂಗಡಿ ಅವರದು, ಕೆಲಸ ಕಲಿಸಿದವರೂ ಅವರೇ. ಮಗಳನ್ನು ಕೊಟ್ಟ ಮೇಲೆ ಮೂರು ತಿಂಗಳು ನನ್ನ ಕೈಗೆ ಕತ್ತರಿ ಕೊಡಲಿಲ್ಲ, ನೀರು ಚಿಮುಕಿಸುವ ಬಾಟಲಿ ಕೊಟ್ಟರು. ಗೋಡೆಗೆ ಹಳೆಯ ಪೇಪರು ಅಂಟಿಸಿ ಅದರ ಮೇಲೆ ಹೊಡೆಯಬೇಕು. ಹಾಳೆ ಪೂರ್ತಿ ಒದ್ದೆಯಾಗಬೇಕು, ಆದರೆ ಒಂದು ಹನಿಯೂ ಕೆಳಗೆ ಇಳಿಯಬಾರದು. "ಗಿರಾಕಿ ಕುತ್ತಿಗೆಗೆ ನೀರು ಇಳೀತೋ, ಅವನು ಮುಂದಿನ ತಿಂಗಳು ಎದುರು ಅಂಗಡಿ ಮೆಟ್ಟಿಲು ಹತ್ತಿದ ಅಂತಲೇ ಲೆಕ್ಕ" ಅನ್ನುತ್ತಿದ್ದರು. ಬಾಟಲಿಯನ್ನು ತಲೆಯ ಎತ್ತರಕ್ಕೆ ಹಿಡಿದು, ಒತ್ತುವಾಗ ಕೊನೆಯಲ್ಲಿ ಮಣಿಕಟ್ಟನ್ನು ಒಂದಿಷ್ಟೇ ಎಡಕ್ಕೆ ತಿರುಗಿಸುವುದು ಅವರ ಗುಟ್ಟು. ಹಾಗೆ ಮಾಡಿದರೆ ನೀರು ಹನಿಯಾಗಿ ಬೀಳದೆ ಮಂಜಾಗಿ ಹರಡುತ್ತದೆ. ತೊಂಬತ್ತು ದಿನ ಪೇಪರಿಗೆ ಸ್ನಾನ ಮಾಡಿಸಿ ನಾನೂ ಅದನ್ನು ಕಲಿತೆ.

ನಾಲ್ಕು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು. ಒಂದು ದಿನ ಯಾರದೋ ತಲೆ ಅರ್ಧವಾಗಿದ್ದಾಗ ಕತ್ತರಿಯನ್ನು ನನ್ನ ಕೈಗಿಟ್ಟು ಹಿತ್ತಲಿಗೆ ಹೋದರು. ಆಮೇಲೆ ಆ ಹಿತ್ತಲೇ ಅವರ ಅಂಗಡಿಯಾಯಿತು. ಗೋಡೆಯ ಪಕ್ಕ ಒಂದು ದ್ರಾಕ್ಷಿ ಕಡ್ಡಿ ನೆಟ್ಟು, ತಂತಿ ಕಟ್ಟಿ, ಹಳೆಯ ಕತ್ತರಿಯಿಂದಲೇ ಅದನ್ನು ಸವರುತ್ತ ಬೆಳೆಸಿದರು. ಕೈ ನಡುಗಿ ಒಂದು ಕುಡಿ ಹೆಚ್ಚು ಕತ್ತರಿಸಿದರೂ ಬಳ್ಳಿ ಕನ್ನಡಿ ಕೇಳುವುದಿಲ್ಲವಲ್ಲ. ಈ ವರ್ಷ ಮೊದಲ ಸಲ ಅದು ಗೊಂಚಲು ಬಿಟ್ಟಿತು. ಹನ್ನೊಂದು ಗೊಂಚಲು, ಕಾಳುಗಳು ಇನ್ನೂ ಮೆಣಸಿನಷ್ಟು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮುಂಚೆ ಅವನ್ನು ಎಣಿಸುತ್ತಿದ್ದರು.

ಹಿತ್ತಲಿಗೆ ಕಲ್ಲು ಹಾಸಿದೆ. ಕಲ್ಲಿನ ಸಂದಿಗಳಲ್ಲಿ ಕಳೆ. ಸರದಿಗೆ ಕಾಯುವ ಗಿರಾಕಿಗಳು ಅಲ್ಲಿಯ ಬೆಂಚಿನ ಮೇಲೆ ಕೂರುವುದರಿಂದ ನನಗೆ ಅದು ಮರ್ಯಾದೆಯ ಪ್ರಶ್ನೆ. ಬಂದವರ ಗಡ್ಡ ಬೋಳಿಸುವವನ ಹಿತ್ತಲಿಗೇ ಗಡ್ಡ ಅಂದರೆ? ಮಾವ ಒಂದೊಂದೇ ಕಳೆಯನ್ನು ಬೇರು ಸಮೇತ ಕೀಳುತ್ತಿದ್ದರು, ಒಂದಕ್ಕೆ ಅರ್ಧ ಗಂಟೆ. ಅವರು ಗೋಡೆ ತಲುಪುವಷ್ಟರಲ್ಲಿ ಬಾಗಿಲ ಬಳಿ ಮತ್ತೆ ಚಿಗುರಿರುತ್ತಿತ್ತು. ನನಗೆ ತಾಳ್ಮೆ ಕಡಿಮೆ. ಇರುವಷ್ಟನ್ನೂ ಚಿಕ್ಕ ಮಕ್ಕಳ ತಲೆಗೇ ಖರ್ಚು ಮಾಡಿಬಿಡುತ್ತೇನೆ. ಹಾಗಾಗಿ ಒಂದು ದಿನ ಬೀಜದಂಗಡಿಗೆ ಹೋಗಿ ಕಳೆನಾಶಕ ಕೇಳಿದೆ.

ಬೀಜದಂಗಡಿಯಾಕೆ ಕನ್ನಡಕ ಏರಿಸಿಕೊಂಡು ಡಬ್ಬಿಯ ಮೇಲಿನ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. "ಕೈಗೆ ಗ್ಲೌಸು, ಉದ್ದ ತೋಳಿನ ಅಂಗಿ, ಮುಚ್ಚಿದ ಶೂ. ಇದಕ್ಕೆ ಅಂತಲೇ ಬೇರೆ ಪಂಪು, ಅದರ ಮೇಲೆ ದೊಡ್ಡದಾಗಿ ಬರೀಬೇಕು. ಗಾಳಿ ಇದ್ದಾಗ ಬೇಡ, ಸುಡು ಬಿಸಿಲಲ್ಲೂ ಬೇಡ. ನೆಲದ ಹತ್ರ ಹಿಡಿದು, ಮೆಲ್ಲಗೆ ಒತ್ತಿ, ದಪ್ಪ ಹನಿ ಬೀಳೋ ಹಾಗೆ ಹೊಡೀರಿ. ಸಣ್ಣ ಹನಿ ಆದ್ರೆ ತೇಲ್ಕೊಂಡು ಹೋಗಿ ಬೇಕಾದ ಗಿಡದ ಮೇಲೆ ಕೂರುತ್ತೆ. ಪಕ್ಕದಲ್ಲಿ ಏನಾದ್ರೂ ಬೆಳೆದಿದ್ದೀರಾ?"

ದಪ್ಪ ಹನಿಯಂತೆ! ಹದಿನೆಂಟು ವರ್ಷ ಮಂಜು ಹೊಡೆದವನಿಗೆ ದಪ್ಪ ಹನಿ ಹೊಡೆ ಅನ್ನುವುದೆಂದರೆ, ಹಾಡುಗಾರನಿಗೆ ಸ್ವಲ್ಪ ಅಪಸ್ವರ ಬರಲಿ ಅಂದ ಹಾಗೆ. "ಅಮ್ಮಾ, ಸ್ಪ್ರೇ ಮಾಡೋದನ್ನ ನನಗೆ ಹೇಳಿಕೊಡಬೇಡಿ" ಅಂದೆ. ಅವಳ ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ ಅನ್ನುವುದು ನೆನಪಾದದ್ದು ವಾರ ಕಳೆದ ಮೇಲೆ.

ಪಂಪು ಕೊಳ್ಳಲಿಲ್ಲ. ಅಂಗಡಿಯಲ್ಲಿರುವಂಥದೇ ಒಂದು ಹೊಸ ನೀಲಿ ಬಾಟಲಿಗೆ ಔಷಧಿ ಬೆರೆಸಿ, ಗುರುತಿಗೆ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿದೆ. ಮಾವ ಊಟ ಮಾಡಿ ಮಲಗಿದ್ದರು. ನಡು ಮಧ್ಯಾಹ್ನ. ನನ್ನನ್ನು ಅಷ್ಟು ದಡ್ಡನೆಂದು ತಿಳಿಯಬೇಡಿ, ಗಾಳಿಯನ್ನು ಪರೀಕ್ಷೆ ಮಾಡಿದೆ. ನೆಲದಿಂದ ಒಂದು ಚಿಟಿಕೆ ಕತ್ತರಿಸಿದ ಕೂದಲು ತೆಗೆದುಕೊಂಡು ಹಿತ್ತಲಲ್ಲಿ ಮೇಲಿನಿಂದ ಬಿಟ್ಟೆ. ನೆಟ್ಟಗೆ ನನ್ನ ಚಪ್ಪಲಿಯ ಮೇಲೆ ಬಿತ್ತು. ಎಳ್ಳಷ್ಟೂ ಗಾಳಿಯಿಲ್ಲ.

ಗಾಳಿಯಿಲ್ಲದ್ದರಿಂದ ವಿಪರೀತ ಸೆಕೆ. ಬೆವರು ಕಣ್ಣಿಗೆ ಇಳಿಯಿತು. ಅದಕ್ಕೇ ಅಂಗಡಿಯ ಸ್ಟ್ಯಾಂಡ್ ಫ್ಯಾನನ್ನು ಎಳೆದು ತಂದು ಹಿಂಬಾಗಿಲಲ್ಲಿ ನಿಲ್ಲಿಸಿ, ಮೂರನೆಯ ಸ್ಪೀಡಿಗೆ ಹಾಕಿದೆ.

ಈಗ ನಗುತ್ತೀರಿ, ನಗಿ. ಆಗ ನನಗೆ ಹಾಯೆನಿಸಿತ್ತು. ಬೆನ್ನಿಗೆ ತಂಗಾಳಿ, ಕೈಯಲ್ಲಿ ಬಾಟಲಿ, ತಲೆಯ ಎತ್ತರ, ಮಣಿಕಟ್ಟಿನ ಕೊನೆಯ ತಿರುವು. ಎಂಥ ಮಂಜು! ಕಳೆಗಳ ಮೇಲೆ ಬೆಳ್ಳಗೆ ಒಂದು ಕ್ಷಣ ನಿಂತು, ಹಾಗೇ ಗೋಡೆಯ ಕಡೆಗೆ ಸಾಗಿಹೋಯಿತು. ಬಹಳ ಚೆನ್ನಾಗಿ ಹರಡುತ್ತಿದೆ ಅಂದುಕೊಂಡೆ.

ನಾಲ್ಕನೆಯ ದಿನಕ್ಕೆ ಕಳೆಯ ತಲೆ ಸ್ವಲ್ಪ ಬಾಗಿತು. ದ್ರಾಕ್ಷಿಯ ಎಲೆಗಳು ಸುರುಟಿಕೊಂಡವು. ಎಳೆಯ ಎಲೆಗಳಂತೂ ಅಂಗೈ ಬಿಡಿಸುವ ಬದಲು ಬೀಸಣಿಗೆ ಮಡಚಿದ ಹಾಗೆ ಮುದುಡಿಕೊಂಡು, ನರಗಳೆಲ್ಲ ಒಂದೇ ಕಡೆ ಸೇರಿದ್ದವು. ಮಾವ ಒಂದು ಎಲೆ ಹಿಡಿದು, "ಏನೋ ರೋಗ ಬಂದಿದೆಯಲ್ಲಯ್ಯ" ಅಂದರು. ನಾನು, "ಬಿಸಿಲು ಜಾಸ್ತಿ, ಮಾವ" ಅಂದೆ.

ಮಾರನೆಯ ಬೆಳಿಗ್ಗೆ ಅವರು ಏಳುವ ಮುಂಚೆ ಎದ್ದು, ಸುರುಟಿದ ಎಲೆಗಳನ್ನೆಲ್ಲ ಕತ್ತರಿಸಿ ಜೇಬಿಗೆ ತುಂಬಿಕೊಂಡೆ. ಅದರ ಮಾರನೆಯ ದಿನ ಇನ್ನಷ್ಟು ಸುರುಟಿದ್ದವು, ಇನ್ನಷ್ಟು ಕತ್ತರಿಸಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ, ಒಂದು ವಾರದಲ್ಲಿ ಬಳ್ಳಿಯ ಕೆಳಗಿನ ಅರ್ಧ ನುಣ್ಣಗಾಯಿತು. ಮಾವ ಮಾತ್ರ ದಿನಾ ಬಂದು ಗೊಂಚಲು ಎಣಿಸುತ್ತಿದ್ದರು. ಹನ್ನೊಂದಿದ್ದದ್ದು ಎಂಟಾಯಿತು. ಉದುರಿದ ಕಾಳುಗಳನ್ನು ಆರಿಸಿ ಕಿಟಕಿಯ ಮೇಲಿನ ಬಟ್ಟಲಿಗೆ ಹಾಕಿಡುತ್ತಿದ್ದರು. ನಾನು ಆ ಬಟ್ಟಲಿಗೆ ಬೆನ್ನು ಹಾಕಿ ಊಟಕ್ಕೆ ಕೂರತೊಡಗಿದೆ.

ಅದೇ ವಾರ ನನ್ನ ಹೆಂಡತಿ ಅಂಗಡಿಯ ಬಾಟಲಿಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಳು. ಬಂದು ನೋಡಿದರೆ ಕನ್ನಡಿಯ ಮುಂದೆ ಎರಡು ನೀಲಿ ಬಾಟಲಿ, ಅವಳಿ ಮಕ್ಕಳ ಹಾಗೆ.

"ಕೆಂಪು ದಾರ ಎಲ್ಲೇ?"

"ಯಾವುದೋ ಕೊಳಕು ದಾರ ಇತ್ತು, ಕಿತ್ತು ಎಸೆದೆ. ಯಾಕೆ?"

ಹೇಳಲೇಬೇಕಾಯಿತು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ವಿಷಾನ ನೀರಿನ ಬಾಟಲಿಗೆ ಹಾಕಿ, ಚಪ್ಪಲಿ ಹಾಕ್ಕೊಂಡು, ಫ್ಯಾನ್ ಹಚ್ಚಿ ಹೊಡೆದಿರಾ? ಊರೋರ ತಲೆ ಮುಟ್ಟಿ ಮುಟ್ಟಿ ನಿಮ್ಮ ತಲೇನ ಎಲ್ಲೋ ಮರೆತು ಬಂದಿದ್ದೀರಿ. ಇವತ್ತೇ ಅಪ್ಪನ ಹತ್ರ ಹೇಳಿ. ನೀವು ಹೇಳ್ತೀರೋ, ನಾನು ಹೇಳಲೋ?"

"ನಾನೇ ಹೇಳ್ತೀನಿ, ಎರಡು ದಿನ ಕೊಡು."

ಎರಡೂ ಬಾಟಲಿಯನ್ನು ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿದೆ. ಅಂದಿನಿಂದ ಗಿರಾಕಿಗಳ ತಲೆಗೆ ಮಗ್ಗಿನ ನೀರಿನಲ್ಲಿ ಕೈ ಅದ್ದಿ ಹಚ್ಚುತ್ತಿದ್ದೆ. ಕುತ್ತಿಗೆಗೆ ಧಾರಾಳವಾಗಿ ನೀರು ಇಳಿಯುತ್ತಿತ್ತು. ಮೂಲೆಯ ಕುರ್ಚಿಯಿಂದ ಹೂಂ ಕೂಡ ಬರುತ್ತಿರಲಿಲ್ಲ.

ಎರಡನೆಯ ದಿನ ನಾನು ಅಂಚೆಯವನ ಒಂದು ಕೆನ್ನೆಗೆ ನೊರೆ ಹಚ್ಚಿ ಮುಗಿಸಿದ್ದೆ. ಹಿತ್ತಲಲ್ಲಿ ಹೆಂಗಸಿನ ದನಿ ಕೇಳಿಸಿತು. ಮಾವ ಬೀಜದಂಗಡಿಯಾಕೆಯನ್ನೇ ಕರೆಸಿಬಿಟ್ಟಿದ್ದರು! ನಾನು ಕುಂಚ ಹಿಡಿದುಕೊಂಡೇ ಓಡಿದೆ. ನನ್ನ ಹಿಂದೆ, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಅರ್ಧ ಬೆಳ್ಳಗಿನ ಮುಖದಲ್ಲಿ ಅಂಚೆಯವನೂ ಬಂದ. ಪುಕ್ಕಟೆ ತಮಾಷೆ ಯಾರು ಬಿಡುತ್ತಾರೆ?

ಅವಳು ಒಂದು ಎಲೆಯನ್ನು ಬೆಳಕಿಗೆ ಹಿಡಿದಳು. "ಇದು ರೋಗ ಅಲ್ಲ. ಕಳೆ ಔಷಧಿ ತೇಲಿ ಬಂದು ಕೂತಿದೆ. ದ್ರಾಕ್ಷಿಗೆ ಇದರ ಗಾಳಿ ಸೋಕಿದ್ರೂ ಆಗಲ್ಲ. ಆದ್ರೆ ಹೀಗೇ ಬಿಟ್ಟಿದ್ರೆ ಮೇಲಿನ ಎಲೆ ಬಲದಿಂದ ತಾನೇ ಸುಧಾರಿಸ್ಕೊಳ್ತಿತ್ತು. ಬುಡದಿಂದ ಎಲೇನ ಯಾರು ಬೋಳಿಸಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ. ಬೆಳಗಿನ ಎಲೆಗಳು ಇನ್ನೂ ಅಲ್ಲೇ ಇದ್ದವು.

"ಬದುಕುತ್ತಾ ಇದು?" ಮಾವ ಕೇಳಿದರು. ತಂತಿ ಹಿಡಿದಿದ್ದ ಅವರ ಕೈ ನಡುಗುತ್ತಿತ್ತು, ಆ ನಡುಕಕ್ಕೆ ಬಳ್ಳಿಯೂ ಅಲುಗುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮಾವ, ಮಾಡಿದ್ದು ನಾನೇ. ಕಳೆಗೆ ಹೊಡೆದೆ, ಇದಕ್ಕೆ ಬಿತ್ತು. ಔಷಧಿ ಬಾಟಲಿ ಯಾವುದೋ ನೀರಿನದು ಯಾವುದೋ ಗೊತ್ತಾಗದೆ ಎರಡನ್ನೂ ಡಬ್ಬಿಗೆ ಹಾಕಿ ಬೀಗ ಜಡಿದಿದ್ದೀನಿ. ಎಲೆ ಕತ್ತರಿಸಿದ್ದೂ ನಾನೇ."

"ಗೊತ್ತು" ಅಂದರು.

"ಗೊತ್ತಾ? ನಿಮ್ಮ ಮಗಳು ಹೇಳಿದ್ಲಾ?"

"ಯಾರು ಹೇಳಬೇಕು? ಕಣ್ಣಿಲ್ವಾ ನನಗೆ?" ಅವರು ಬಳ್ಳಿಯ ಉದ್ದಕ್ಕೂ ಕೈ ಚಾಚಿದರು. "ಬಾಗಿಲ ಕಡೆ ಮುಖ ಮಾಡಿದ್ದೆಲ್ಲ ಒಂದೇ ಸಮ ಸುರುಟಿದೆ, ಫ್ಯಾನ್ ಮೂರರಲ್ಲಿ ಇಟ್ಟ ಹಾಗೆ. ತಲೆ ಎತ್ತರದ ಮೇಲೆ ಏನೂ ಆಗಿಲ್ಲ. ಕೊನೆಗೆ ಬಂದಾಗ ಒಂಚೂರು ಎಡಕ್ಕೆ ವಾಲಿದೆ. ಹೀಗೆ ಮಣಿಕಟ್ಟು ತಿರುಗಿಸೋರು ಇಬ್ಬರೇ. ಅದರಲ್ಲಿ ಒಬ್ಬನ ಕೈ ಈಗ ನಡುಗುತ್ತೆ." ನಾನು ಬೋಳಿಸಿದ ಭಾಗವನ್ನು ತೋರಿಸಿದರು. "ಕೆಳಗೆ ಸಣ್ಣದಾಗಿ, ಮೇಲೆ ಹೋಗ್ತಾ ದಟ್ಟ. ಬಳ್ಳಿಗೂ ಕಿವಿ ಪಕ್ಕ ಇಳಿಸಿದ್ದೀಯಲ್ಲಯ್ಯ."

"ಹಾಗಾದ್ರೆ ಇಷ್ಟು ದಿನ ಯಾಕೆ ಕೇಳಲಿಲ್ಲ?"

"ನೀನೇ ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ." ಅವರು ಒಂದು ಸುರುಟಿದ ಎಲೆಯನ್ನು ಹಿಂದು ಮುಂದು ತಿರುಗಿಸಿ ನೋಡಿದರು. "ಆದ್ರೆ ನೋಡು, ಒಂದು ಎಲೇನೂ ಬಿಟ್ಟಿಲ್ಲ. ಒಂದು ಹನೀನೂ ಇಳಿದಿಲ್ಲ. ಒಳ್ಳೆ ಕೈ."

ಹದಿನೆಂಟು ವರ್ಷ ಕಾದ ಮಾತು. ಬಂದದ್ದು ಇಂಥ ಕೆಲಸಕ್ಕೆ. ನನಗೆ ಅಳು ಬಂತು, ಮುಚ್ಚಿಡುವುದೇನು? ಕಣ್ಣೊರೆಸಿಕೊಳ್ಳಲು ಹೋಗಿ ಕೈಯಲ್ಲಿದ್ದ ಕುಂಚದಿಂದ ಮುಖಕ್ಕೆಲ್ಲ ನೊರೆ ಬಳಿದುಕೊಂಡೆ.

"ಬದುಕುತ್ತೆ" ಅಂದಳು ಬೀಜದಂಗಡಿಯಾಕೆ, ನನ್ನ ಕಡೆ ನೋಡದೆ. "ಇನ್ನು ಕತ್ತರಿ ಮುಟ್ಟಿಸಬೇಡಿ, ನೀರು ಹಾಕಿ, ಅಷ್ಟೆ. ಈ ವರ್ಷದ ಹಣ್ಣು ಮಾತ್ರ ತಿನ್ನೋ ಹಾಗಿಲ್ಲ, ಗೊಂಚಲು ತೆಗೆದುಬಿಡಿ. ಆ ಎರಡು ಬಾಟಲೀನ ಡಬ್ಬಿ ಸಮೇತ ನನಗೆ ಕೊಡಿ, ಚರಂಡಿಗೆ ಗಿರಂಡಿಗೆ ಚೆಲ್ಲೀರಿ. ಉಳಿದ ಕಳೆಗೆ ಸ್ಪ್ರೇ ಬೇಡ, ಕುಂಚ ಸಾಕು. ಹಿಂಡಿದ ಕುಂಚದಲ್ಲಿ ಎಲೆಗೆ ಮಾತ್ರ ಸವರಿ."

ಎಂಟು ಗೊಂಚಲುಗಳನ್ನು ಕತ್ತರಿಸಲು ಮಾವ ನನಗೇ ಹೇಳಿದರು. ಒಂದೊಂದನ್ನೂ ಅಂಗೈಯಲ್ಲಿ ಹಿಡಿದು, ಕಾಳು ಉದುರದಂತೆ ಕತ್ತರಿಸಿದೆ. ಅವರು ಬಟ್ಟಲು ಹಿಡಿದುಕೊಂಡು ನಿಂತಿದ್ದರು.

ಮುಂದಿನ ವಾರ ತಂಪಾದ ಒಂದು ಬೆಳಿಗ್ಗೆ, ಎಲೆ ಅಲುಗದ ಹೊತ್ತಿನಲ್ಲಿ, ನಾವಿಬ್ಬರೂ ಹಿತ್ತಲಿಗಿಳಿದೆವು. ಗ್ಲೌಸು, ಉದ್ದ ತೋಳು, ಶೂ. ಹೆಂಡತಿ ಬಾಗಿಲಲ್ಲಿ ನಿಂತು ಮೇಲಿನಿಂದ ಕೆಳಗಿನವರೆಗೆ ತಪಾಸಣೆ ಮಾಡಿಯೇ ಬಿಟ್ಟಳು. ಫ್ಯಾನಿನ ಪ್ಲಗ್ಗನ್ನು ಅವಳು ಕಿತ್ತು ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು. ಬಳ್ಳಿಯ ಬುಡಕ್ಕೆ ನಾನು ಗಿರಾಕಿಗಳಿಗೆ ಹೊದಿಸುವ ದೊಡ್ಡ ಬಟ್ಟೆಯೊಂದನ್ನು ಸುತ್ತಿ, ಹಿಂದೆ ಗಂಟು ಹಾಕಿದೆ. ಆ ಬಟ್ಟೆ ಆಮೇಲೆ ಅಂಗಡಿಯೊಳಗೆ ಬರಲಿಲ್ಲ.

ಮಾವ ತಮ್ಮ ಹಳೆಯ ಕ್ಷೌರದ ಕುಂಚ ತಂದಿದ್ದರು. ಅದರ ಹಿಡಿಕೆಗೆ ಕೆಂಪು ಬಣ್ಣ ಬಳಿದು "ಕಳೆಗೆ ಮಾತ್ರ" ಎಂದು ಬರೆದಿದ್ದರು. ಕುಂಚವನ್ನು ಹೊಸದಾಗಿ ಬೆರೆಸಿದ ಔಷಧಿಗೆ ಅದ್ದಿ, ಡಬ್ಬಿಯ ಅಂಚಿಗೆ ಒತ್ತಿ ಹಿಂಡಿ, ಮೊದಲ ಕಳೆಯ ಮುಂದೆ ಕೂತರು. ನಾನು ಆಚೆ ಬದಿಗೆ ರಟ್ಟು ಅಡ್ಡ ಹಿಡಿದೆ. ಕುಂಚದ ಕೆಲಸದಲ್ಲಿ ಒಂದು ಅನುಕೂಲವಿದೆ, ಕೈ ಆಡುತ್ತಲೇ ಇರಬೇಕು. ಅವರ ನಡುಕ ಆ ಆಟದಲ್ಲಿ ಸೇರಿಹೋಯಿತು. ನಾಲ್ಕು ವರ್ಷದ ಮೇಲೆ ಅವರು ಒಂದು ಗಡ್ಡಕ್ಕೆ ಪೂರ್ತಿ ನೊರೆ ಹಚ್ಚುತ್ತಿದ್ದರು, ಕಲ್ಲಿನ ಗಡ್ಡವಾದರೇನು.

ಕೊನೆಯ ಕಳೆಯನ್ನು ನನಗೆ ಬಿಟ್ಟರು. ನಾನು ಉಸಿರು ಬಿಗಿಹಿಡಿದು ಸವರಿ ಮುಗಿಸಿ, ಅಭ್ಯಾಸಬಲದಿಂದ ಹಿಂತಿರುಗಿ ಅವರ ಮುಖ ನೋಡಿದೆ.

"ಹೂಂ" ಅಂದರು.

ಹೊಗಳಿಕೆಯ ಸಾಕ್ಷಿಗೆ ಈಗ ನನಗೆ ಅಂಚೆಯವನೊಬ್ಬನೇ ಗತಿ. ಅವನು ಬಂದಾಗಲೆಲ್ಲ ಒಂದು ಕೆನ್ನೆಗೆ ನೊರೆ ಹಚ್ಚಿ ನಿಲ್ಲಿಸಿ, ಅಂದು ಮಾವ ಏನಂದರು ಹೇಳು ಅನ್ನುತ್ತೇನೆ. ಅವನು ಹೇಳಿದ ಮೇಲೆಯೇ ಇನ್ನೊಂದು ಕೆನ್ನೆ.