ಹದಿನೇಳು ಬಿಲ್ಲೆ

ಹೆಡ್‌ಮಾಸ್ಟರು ಮೇಜಿನ ಮೇಲೆ ಸುರಿದ ಬಿಲ್ಲೆಗಳನ್ನು ಆಪ್ತಸಮಾಲೋಚಕಿ ಮುಟ್ಟಲಿಲ್ಲ. ಹಳದಿ ಬಿಲ್ಲೆ, ಮೇಲೆ ಕೆಂಪಕ್ಷರದಲ್ಲಿ 'ಈ ಶಾಲೆ ನನ್ನದು.' ಒಟ್ಟು ಹದಿನೇಳು. ಅವಳು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ, ದಾರಿ ತಪ್ಪುವ ಅಪಾಯವಿರುವ ಮಕ್ಕಳ ಪಟ್ಟಿಯಲ್ಲೂ ಹದಿನೇಳೇ ಹೆಸರು.

ಅಂಥ ಮಕ್ಕಳಿಗೆ ಶಾಲೆ ತಮ್ಮದೆನಿಸಬೇಕು ಎಂದು ಇಲಾಖೆಯ ಸುತ್ತೋಲೆ ಬಂದಿತ್ತು. ಹೆಡ್‌ಮಾಸ್ಟರ್ ಮಹಾಶಯರಿಗೆ ಹೊಳೆದದ್ದು ಇದು: ಬೆಳಗಿನ ಪ್ರಾರ್ಥನೆಯಲ್ಲಿ ಎಂಟುನೂರು ಮಕ್ಕಳ ಮುಂದೆ ಆ ಹದಿನೇಳು ಮಂದಿಯ ಹೆಸರು ಕೂಗಿ, ಎದೆಗೆ ಬಿಲ್ಲೆ ಚುಚ್ಚಿ, ಫೋಟೋ ತೆಗೆಸಿ ಮೇಲಕ್ಕೆ ಕಳಿಸುವುದು. ನೀವು ಇಲ್ಲಿಯವರಲ್ಲ ಎಂದು ಡಂಗುರ ಸಾರಲು ಇದಕ್ಕಿಂತ ಒಳ್ಳೆಯ ಉಪಾಯ ಹಗೆಯವನಿಗೂ ಹೊಳೆಯಲಾರದು.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಯನ್ನಾದರೂ ಬಿಡಿ ಎಂದು ಅವಳು ಕೇಳಿಕೊಂಡಳು. ಅಣ್ಣನ ಕಳ್ಳತನದಲ್ಲಿ ಸಿಕ್ಕಿಬಿದ್ದು ಐದು ತಿಂಗಳು ಬಾಲಮಂದಿರದಲ್ಲಿದ್ದವಳು. ಅಜ್ಜಿ ಮನೆಯಲ್ಲಿದ್ದೆ ಎಂದು ಎಲ್ಲರನ್ನೂ ನಂಬಿಸಿ, ಈಗಷ್ಟೇ ಇಬ್ಬರು ಗೆಳತಿಯರನ್ನು ಸಂಪಾದಿಸಿದ್ದಳು.

"ಪಟ್ಟಿ ಅಂತ ಯಾರು ಹೇಳ್ತಾರೆ? ಬಹುಮಾನ ಅಂತೀವಿ," ಎಂದರು ಹೆಡ್‌ಮಾಸ್ಟರು. "ಒಪ್ಪಿಗೆ ಇಲ್ಲ ಅಂದ್ರೆ ಬರೆದು ಕೊಡಿ."

ಅವಳ ನೌಕರಿ ವರ್ಷವರ್ಷಕ್ಕೆ ಮುಂದುವರಿಯುವಂಥದ್ದು, ಈ ವರ್ಷದ ಆದೇಶ ಇನ್ನೂ ಬಂದಿರಲಿಲ್ಲ. ಅವಳು ಬರೆದು ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಬಿಲ್ಲೆಯ ತಟ್ಟೆ ಹಿಡಿದು ನಿಂತವಳೂ ಅವಳೇ. ಹೆಡ್‌ಮಾಸ್ಟರಿಗೆ ಬುದ್ಧಿ ಇರಲಿಲ್ಲ. ಇವಳಿಗಿತ್ತು, ಬೆನ್ನುಮೂಳೆ ಇರಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಹೇಸಿಗೆ ಎಂದು ಕೇಳಿದರೆ ಅವಳೇ ತನ್ನತ್ತ ಬೆರಳು ತೋರಿಸುತ್ತಿದ್ದಳು.

ಗಾಜು ಒಡೆದವನು, ಎರಡು ಸಲ ಫೇಲಾದವನು, ಪೊಲೀಸರು ಮನೆಗೆ ಹುಡುಕಿಕೊಂಡು ಬಂದಿದ್ದವನು ಒಬ್ಬೊಬ್ಬರಾಗಿ ಮುಂದೆ ಬಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಹಿಂದಿನ ಸಾಲುಗಳಲ್ಲಿ ನಗು ಶುರುವಾಯಿತು. ಹುಡುಗಿಯ ಹೆಸರು ಬಂದಾಗ ಗೆಳತಿಯರಿಬ್ಬರೂ ಅವಳ ಮುಖ ನೋಡಿದರು.

"ಯಾರಿಗೂ ಹೇಳಲ್ಲ ಅಂದಿದ್ರಿ ಮೇಡಂ," ಎಂದಳು ಹುಡುಗಿ, ತುಟಿ ಅಲುಗದಂತೆ.

"ನಾನು ಹೇಳಲಿಲ್ಲ ಕಣಮ್ಮ."

ಅದು ಸುಳ್ಳಲ್ಲ. ಸಮಾಲೋಚಕಿ ಅವಳ ಎದೆಗೆ ಪಿನ್ನು ಚುಚ್ಚಿದಳು. ಫೋಟೋ ಚೆನ್ನಾಗಿ ಬಂದಿದೆಯೆಂದು ಹೆಡ್‌ಮಾಸ್ಟರು ಎಲ್ಲರಿಗೂ ತೋರಿಸಿದರು.

ಮಧ್ಯಾಹ್ನ ಹುಡುಗಿ ಚೀಲ ಹೊತ್ತು ಸಮಾಲೋಚಕಿಯ ಕೋಣೆಗೆ ಬಂದಳು. "ಇನ್ಮೇಲೆ ಊಟಕ್ಕೆ ಇಲ್ಲೇ ಕೂತ್ಕೋತೀನಿ," ಎಂದಳು. ಅಪ್ಪಣೆಗೆ ಕಾಯಲಿಲ್ಲ. ಕುರ್ಚಿಯನ್ನು ಗೋಡೆಯತ್ತ ತಿರುಗಿಸಿಕೊಂಡು ಕೂತು, ಡಬ್ಬಿಯ ಮುಚ್ಚಳ ತೆಗೆದಳು.